ಚೀಲದ ಮುಂದೆ ಕೋಳಿ, ಹಿಂದೆ ಗೋವಿನಜೋಳ

"ಇದರಲ್ಲಿ ಕೋಳಿ ಎಲ್ಲಿದೆ, ತೋರಿಸಿ ನೋಡೋಣ!" ಅಂತ ಅಡತಿ ಕಾಕಾ ನಾಯಿ ಆಹಾರದ ಮೂರು ಕೆಜಿ ಚೀಲವನ್ನು ಬೆಂಚಿನ ಮೇಲೆ ಕುಕ್ಕಿದರು. ಚೀಲದ ಮೇಲೆ ಕೆಂಪಗೆ ಹುರಿದ ಕೋಳಿ, ಪಕ್ಕದಲ್ಲಿ ಕ್ಯಾರೆಟ್, ಬಟಾಣಿ. ಆ ಚಿತ್ರ ನೋಡಿ ಬಾಯಲ್ಲಿ ನೀರು ಬಂದದ್ದು ನಮಗೆ. ಕಾಕಾರ ನಾಯಿ ಲಡ್ಡು ಅತ್ತ ತಿರುಗಿಯೂ ನೋಡಲಿಲ್ಲ. ಅದರ ಕಣ್ಣೆಲ್ಲ ಮಿರ್ಚಿ ಗಾಡಿಯ ಬಾಣಲೆಯ ಮೇಲೆ.

ಬಾಗಲಕೋಟೆಯ ನವನಗರದಲ್ಲಿ ಸಂಜೆ ಈ ಗಾಡಿಯ ಹತ್ತಿರ ಸೇರುವುದು ನಮ್ಮ ಗುಂಪಿನ ಚಟ. ಕಾಕಾ ಎಪಿಎಂಸಿಯಲ್ಲಿ ಗೋವಿನಜೋಳದ ಅಡತಿ ನಡೆಸಿ, ಈಗ ಮಗನಿಗೆ ಗಲ್ಲಾ ಬಿಟ್ಟುಕೊಟ್ಟವರು. ಲಡ್ಡು ಸೊಸೆಯ ಜೊತೆ ಮನೆಗೆ ಬಂದ ಲ್ಯಾಬ್ರಡಾರ್. ಮೇಡಂ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಾರೆ. ಭಾಯಿಗೆ ಚಿಕನ್ ಅಂಗಡಿ ಇದೆ, ಮನೆಯಲ್ಲೊಂದು ಬೆಕ್ಕಿದೆ. ಮುಧೋಳ ಮಾಮಾನ ಹತ್ತಿರ ಮುಧೋಳ ನಾಯಿಯೇ ಇದೆ. ಅದರ ಹೆಸರು ಭೀಮ, ಆದರೆ ಎಲುಬು ಎಣಿಸಬಹುದು. ನನ್ನ ಹತ್ತಿರ ಪ್ರಾಣಿ ಯಾವುದೂ ಇಲ್ಲ, ಅಭಿಪ್ರಾಯ ಮಾತ್ರ ಇದೆ.

"ಮುಂದೆ 'ವಿತ್ ಚಿಕನ್' ಅಂತ ಬರೆದಿದ್ದಾರಲ್ಲ ಕಾಕಾ" ಅಂದೆ.

ಮೇಡಂ ನಕ್ಕರು. "ಆ 'ವಿತ್' ಇದೆಯಲ್ಲ, ಅದರಲ್ಲೇ ಇದೆ ಆಟ. ಅಮೆರಿಕದ ಪಶು ಆಹಾರ ಅಧಿಕಾರಿಗಳ ಸಂಘ ಆಫ್ಕೋ ಅಂತ ಇದೆ. ಅವರ ನಿಯಮದ ಪ್ರಕಾರ 'ವಿತ್ ಚಿಕನ್' ಅನ್ನುವುದಕ್ಕೆ ಶೇ 3ರಷ್ಟು ಕೋಳಿ ಇದ್ದರೆ ಸಾಕು. 'ಚಿಕನ್ ಡಿನ್ನರ್' ಅನ್ನಬೇಕಾದರೆ ಶೇ 25. 'ಚಿಕನ್ ಫ್ಲೇವರ್' ಅಂದರೆ ಇಷ್ಟೇ ಇರಬೇಕು ಅಂತ ಲೆಕ್ಕವೇ ಇಲ್ಲ, ರುಚಿ ಗೊತ್ತಾದರೆ ಆಯಿತು."

"ಯಾರಿಗೆ ಗೊತ್ತಾಗಬೇಕು?" ಅಂತ ಭಾಯಿ ಕೇಳಿದ. "ನಾಯಿ ಬಂದು ಸಾಕ್ಷಿ ಹೇಳುತ್ತದೇನು?"

"ಹಾಗಾದರೆ ನನ್ನ ನೂರು ಗ್ರಾಂನಲ್ಲಿ ಮೂರು ಗ್ರಾಂ ಕೋಳಿ!" ಕಾಕಾ ಎದೆ ಹಿಡಿದುಕೊಂಡರು. "ಇಷ್ಟು ಕೋಳಿ ನಮ್ಮ ಓಣಿಯಲ್ಲಿ ಒಂದು ಹುಂಜ ಕೂಗಿದರೂ ಗಾಳಿಯಲ್ಲಿ ಬರುತ್ತದೆ!"

ನಮ್ಮ ದೇಶದಲ್ಲಿ ಇದಕ್ಕೆ ಎಫ್‌ಎಸ್‌ಎಸ್‌ಎಐ ಇಲ್ಲವೇ ಅಂತ ಮಾಮಾ ಕೇಳಿದ. ಇದೆ, ಆದರೆ ಅದು ನಮ್ಮ ಊಟಕ್ಕೆ. 2006ರ ಆಹಾರ ಸುರಕ್ಷತಾ ಕಾನೂನಿನಲ್ಲಿ ಆಹಾರ ಅಂದರೆ ಮನುಷ್ಯರು ತಿನ್ನುವುದು, ದನಕರುಗಳ ಮೇವು ಅದರ ಹೊರಗೆ. ಈ ಮಾತು ಕೇಳಿ ಮಾಮಾ ಭೀಮನ ತಲೆ ಸವರಿ, "ನಿನಗೆ ಕಾಯಿದೆ ಇಲ್ಲಪ್ಪಾ, ಓಡೋದೊಂದೇ ಗತಿ" ಅಂದ.

ಭಾಯಿಯ ತಕರಾರು ಬೇರೆ. ಅವನು ಬೆಕ್ಕಿಗೆ ಗ್ರೇವಿ ಪೌಚ್ ತರುತ್ತಾನೆ. ಅದರ ಮೇಲೆ ಪ್ರೊಟೀನ್ ಶೇ 8 ಅಂತ ಇದೆ. ಕಾಕಾನ ಒಣ ಚೀಲದ ಮೇಲೆ ಶೇ 24. "ನನಗೆ ಟೋಪಿ ಹಾಕಿದ್ದಾರೆ, ಅಲ್ವಾ?" ಅಂತ ಪೌಚನ್ನು ಎಲ್ಲರಿಗೂ ತೋರಿಸಿದ.

ಮೇಡಂ ಪೆನ್ನು ತೆಗೆಯುವಷ್ಟರಲ್ಲಿ ಕಾಕಾ ಕೈ ಅಡ್ಡ ಹಿಡಿದರು. "ತೇವಾಂಶ ಎಷ್ಟು ಓದು."

"ಪೌಚಿಗೆ ಶೇ 80. ಚೀಲಕ್ಕೆ ಶೇ 10."

ಕಾಕಾ ಕಣ್ಣು ಮುಚ್ಚಿದರು. ಅರ್ಧ ಜೀವನ ತೇವಾಂಶ ಕಡಿತ ಮಾಡಿದ ಮನುಷ್ಯ. "ಪೌಚಿನ ನೂರು ಗ್ರಾಂನಲ್ಲಿ ನೀರು 80, ಒಣ ಮಾಲು 20. ಇಪ್ಪತ್ತರಲ್ಲಿ ಎಂಟು ಅಂದರೆ ಶೇ 40. ಚೀಲದಲ್ಲಿ ಒಣ ಮಾಲು 90. ತೊಂಬತ್ತರಲ್ಲಿ ಇಪ್ಪತ್ನಾಲ್ಕು ಅಂದರೆ ಶೇ 27ರ ಹತ್ತಿರ. ಭಾಯಿ, ಮಾಲು ನಿನ್ನದೇ ಗಟ್ಟಿ. ಆದರೆ 80 ಗ್ರಾಂ ನೀರಿಗೂ ರೊಕ್ಕ ಎಣಿಸಿದ್ದೀಯಲ್ಲ! ಗೋವಿನಜೋಳದ ತೇವಾಂಶ ಶೇ 14 ದಾಟಿದರೆ ನಾನು ರೈತನ ಜೊತೆ ಜಗಳ ಆಡುತ್ತಿದ್ದೆ."

ಮೇಡಂ ಪೆನ್ನು ಒಳಗಿಟ್ಟರು. ಪೆಟ್ ಶಾಪಿನ ಹುಡುಗನಿಗೆ ಕೇಳಿದ್ದರೆ ಅವನು ಹೊಳೆಯುವ ಕೂದಲಿನ ಕಥೆ ಹೇಳುತ್ತಿದ್ದ. ಈ ಲೆಕ್ಕ ಮಾಡಲು ಅಡತಿ ಅಂಗಡಿಯೇ ಬೇಕಾಯಿತು.

ಕಾಕಾರಿಗೆ ಈಗ ಹುರುಪು ಬಂತು. ಚೀಲ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿಸಿದರು. ಪದಾರ್ಥಗಳನ್ನು ತೂಕದ ಮೇಲೆ, ಜಾಸ್ತಿ ಇರುವುದು ಮೊದಲು, ಹಾಗೆ ಬರೆಯುವುದು ಪದ್ಧತಿ. ಮೇಡಂ ಮನೆಯಿಂದ ತಂದಿದ್ದ ಇನ್ನೊಂದು ಕಂಪನಿಯ ದುಬಾರಿ ಚೀಲದಲ್ಲಿ ಮೊದಲ ಹೆಸರೇ ತಾಜಾ ಕೋಳಿ. ಆಮೇಲೆ ಗೋವಿನಜೋಳ, ಆಮೇಲೆ ಗೋವಿನಜೋಳದ ಗ್ಲುಟೆನ್ (ಅದರ ಪ್ರೊಟೀನ್ ಭಾಗ), ಮುಂದೆ ಗೋವಿನಜೋಳದ ಹಿಟ್ಟು.

"ತಾಜಾ ಕೋಳಿಯಲ್ಲಿ ಶೇ 70ರಷ್ಟು ನೀರೇ" ಅಂದರು ಮೇಡಂ. "ಹಸಿಯಾಗಿದ್ದಾಗ ತೂಗಿದ್ದಾರೆ. ಒಣಗಿದ ಮೇಲೆ ಅದು ಪಟ್ಟಿಯಲ್ಲಿ ಎಲ್ಲಿಗೆ ಇಳಿಯುತ್ತದೋ."

"ನಮ್ಮ ಗೋವಿನಜೋಳವನ್ನು ಮೂರು ಚೂರು ಮಾಡಿ ಮೂರು ಕಡೆ ಕೂರಿಸಿದ್ದಾರೆ. ಒಟ್ಟು ಮಾಡಿದರೆ ಅದೇ ಯಜಮಾನ!" ಕಾಕಾರ ದನಿಯಲ್ಲಿ ಸಿಟ್ಟು ಅರ್ಧ, ಹೆಮ್ಮೆ ಅರ್ಧ. ಸಾಲುಗಟ್ಟಲೆ ಲಾರಿ ತುಂಬಿ ಕಳಿಸಿದ ಮಾಲು ಈಗ ಕೋಳಿಯ ಚಿತ್ರ ಹೊತ್ತು ಮನೆಗೆ ವಾಪಸ್ ಬಂದಿರಬಹುದು ಅನ್ನುವ ಅನುಮಾನ ಅವರಿಗೆ.

"ಮತ್ತೆ ಈ ಪ್ರೊಟೀನ್ ಲೆಕ್ಕವನ್ನಾದರೂ ನಂಬಬಹುದೋ ಇಲ್ಲವೋ?" ಅಂದೆ. ಮೇಡಂ ಕಾಯುತ್ತಿದ್ದದ್ದು ಈ ಪ್ರಶ್ನೆಗೇ. ಪ್ರೊಟೀನನ್ನು ಯಾರೂ ನೇರವಾಗಿ ಅಳೆಯುವುದಿಲ್ಲವಂತೆ. 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಎಂಬ ವಿಜ್ಞಾನಿ ಕಂಡುಹಿಡಿದ ಪರೀಕ್ಷೆ ಇದೆ. ಅದರಲ್ಲಿ ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಚೀಲದ ಮೇಲೆ 'ಕ್ರೂಡ್ ಪ್ರೊಟೀನ್' ಅಂತ ಬರೆಯುವುದು ಅದನ್ನೇ. ಆ ಸಾರಜನಕ ಮಾಂಸದಿಂದ ಬಂತೋ ಬೇರೆ ಎಲ್ಲಿಂದಲೋ, ಪರೀಕ್ಷೆಗೆ ಗೊತ್ತಾಗುವುದಿಲ್ಲ.

"2007ರಲ್ಲಿ ಅಮೆರಿಕ, ಕೆನಡಾದಲ್ಲಿ ಆದದ್ದು ಇದೇ" ಅಂತ ಮೇಡಂ ಮುಂದುವರಿಸಿದರು. "ಚೀನಾದಿಂದ ಗೋಧಿ ಗ್ಲುಟೆನ್ ಬಂತು. ಪ್ರೊಟೀನ್ ಜಾಸ್ತಿ ಕಾಣಲಿ ಅಂತ ಅದಕ್ಕೆ ಮೆಲಮೈನ್ ಬೆರೆಸಿದ್ದರು. ಅದರಲ್ಲಿ ತೂಕದ ಮೂರನೇ ಎರಡು ಭಾಗ ಸಾರಜನಕವೇ. ಹೊಟ್ಟೆಗೆ ಹೋದ ಮೇಲೆ ಸಯನ್ಯೂರಿಕ್ ಆಸಿಡ್ ಎಂಬ ಇನ್ನೊಂದು ರಾಸಾಯನಿಕದ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳು ಕಟ್ಟಿತು. ಎಷ್ಟೋ ನಾಯಿ, ಬೆಕ್ಕು ಸತ್ತವು. ಒಂದೇ ಕಾರ್ಖಾನೆ ಹತ್ತಾರು ಬ್ರ್ಯಾಂಡಿಗೆ ಮಾಲು ಮಾಡಿ ಕೊಡುತ್ತಿತ್ತು. ಅಗ್ಗದ್ದು, ತುಟ್ಟಿಯದು ಎಲ್ಲ ಒಟ್ಟಿಗೆ ವಾಪಸ್ ಹೋದವು. ಮರುವರ್ಷ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಯಲ್ಲೂ ಅದೇ ಸಿಕ್ಕಿತು."

"ಮೆಲಮೈನ್ ಅಂದರೆ ನಮ್ಮ ಮನೆಯ ತಟ್ಟೆ?" ಮಾಮಾ ಗಾಬರಿಯಾದ.

"ಅದನ್ನು ಮಾಡುವುದೂ ಅದರಿಂದಲೇ."

"ಅಂದರೆ ಊಟದ ಜೊತೆ ತಟ್ಟೆಯನ್ನೂ ಹಾಕಿದ್ದರು ಅನ್ನಿ!" ಅಂದ ಭಾಯಿ. ಸ್ವಲ್ಪ ಹೊತ್ತು ಯಾರೂ ಮಿರ್ಚಿ ಮುಟ್ಟಲಿಲ್ಲ. ಆಮೇಲೆ ಮುಟ್ಟಿದೆವು, ತಣ್ಣಗಾಗುತ್ತದೆ ಅಂತ.

ಭಾಯಿ ಒಂದು ಮಾತಿಗೆ ಮಾತ್ರ ಒಪ್ಪಲಿಲ್ಲ. ಪದಾರ್ಥಗಳಲ್ಲಿ 'ಬೈ ಪ್ರಾಡಕ್ಟ್' ಅಂತ ಕಂಡ ಕೂಡಲೇ ಮೂಗು ಮುರಿಯುವವರ ಮೇಲೆ ಅವನಿಗೆ ಸಿಟ್ಟು. "ಕುತ್ತಿಗೆ, ಕಾಲು, ಕರುಳು, ಪೋಟಾ, ಕಲೇಜಿ. ಇವು ನಿಮಗೆ ಅಸಹ್ಯ, ನಾಯಿಗೆ ಹಬ್ಬ. ಕಾಡಿನಲ್ಲಿ ಯಾವ ಪ್ರಾಣಿ ಬ್ರೆಸ್ಟ್ ಪೀಸ್ ಆರಿಸಿ ತಿನ್ನುತ್ತದೆ? ಮೇಲಾಗಿ ಪೋಟಾ ಕಲೇಜಿ ಉಳಿದರೆ ತಾನೇ! ಮುಂಜಾನೆ ಒಂಬತ್ತಕ್ಕೆ ನೀವೇ ಬಂದು ಖಾಲಿ ಮಾಡುತ್ತೀರಿ."

ನನಗೂ ಅವನ ಮಾತೇ ಸರಿ ಅನ್ನಿಸಿತು. ಒಳಾಂಗದ ಮಾಂಸ ಕೆಟ್ಟದ್ದಲ್ಲ. ಎಲ್ಲಿಂದ ಬಂತು, ಎಷ್ಟು ತಾಜಾ ಇತ್ತು ಅನ್ನುವುದೇ ಪ್ರಶ್ನೆ, ಅದನ್ನು ಮಾತ್ರ ಯಾವ ಚೀಲವೂ ಹೇಳುವುದಿಲ್ಲ.

"ಇದೆಲ್ಲ ಯಾಕೆ ಬೇಕು?" ಅಂತ ಮಾಮಾ ಶುರು ಮಾಡಿದ. ಮುಧೋಳದ ವಿಷಯ ಬರದೆ ಅವನ ಸಂಜೆ ಮುಗಿಯುವುದಿಲ್ಲ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ, ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ ಇದೆ, ಇತ್ಯಾದಿ. "ನಮ್ಮ ಅಜ್ಜ ರೊಟ್ಟಿ, ಹಾಲು, ಮೊಟ್ಟೆ ಹಾಕುತ್ತಿದ್ದ. ಅವು ಮೊಲ ಹಿಡಿಯುತ್ತಿದ್ದವು."

"ನಿನ್ನ ಭೀಮನನ್ನು ನೋಡಿದರೆ ಮೊಲವೇ ಅಯ್ಯೋ ಪಾಪ ಅನ್ನುತ್ತದೆ" ಅಂದರು ಕಾಕಾ.

"ಕಾಕಾ, ಇದರ ಮೈಕಟ್ಟೇ ಹೀಗೆ. ತೆಳ್ಳಗಿದ್ದರೇ ಓಟ. ನಿಮ್ಮ ಲಡ್ಡು ಬಾಗಿಲು ದಾಟುವಾಗ ಅಡ್ಡ ತಿರುಗಬೇಕು."

ರೊಟ್ಟಿಯ ವಿಷಯದಲ್ಲಿ ಮಾಮಾನ ಅಜ್ಜನಿಗೆ ವಿಜ್ಞಾನದ ಬೆಂಬಲವಿದೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಒಂದು ವಿಷಯ ಕಂಡುಕೊಂಡರು. ಪಿಷ್ಟ ಅರಗಿಸುವ ಜೀನ್ ತೋಳದಲ್ಲಿ ಇರುವುದಕ್ಕಿಂತ ನಾಯಿಯಲ್ಲಿ ಎಷ್ಟೋ ಪಟ್ಟು ಜಾಸ್ತಿ ಇದೆ. ಮನುಷ್ಯರ ಜೊತೆ ಇದ್ದು ಇದ್ದು ರೊಟ್ಟಿ ಅದಕ್ಕೆ ಒಗ್ಗಿದೆ. ಬೆಕ್ಕಿಗೆ ಈ ಮಾತು ನಡೆಯುವುದಿಲ್ಲ. ಅದಕ್ಕೆ ಮಾಂಸದಲ್ಲಿರುವ ಟೌರಿನ್ ಎಂಬ ಪೋಷಕಾಂಶ ಬೇಕೇ ಬೇಕು, ಇಲ್ಲದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಹಾಗಾಗಿ ಲಡ್ಡುವಿನ ಚೀಲದಿಂದ ಬೆಕ್ಕಿಗೂ ಒಂದು ಹಿಡಿ ಹಾಕುವ ಭಾಯಿಯ ಉಳಿತಾಯ ಯೋಜನೆ ಅಲ್ಲೇ ಬಿದ್ದುಹೋಯಿತು.

"ಹಾಗಾದರೆ 'ಗ್ರೇನ್ ಫ್ರೀ' ಅಂತ ಎರಡು ಪಟ್ಟು ರೇಟಿಗೆ ಮಾರುತ್ತಾರಲ್ಲ?" ಕಾಕಾರಿಗೆ ಆ ಹೆಸರೇ ತಮ್ಮ ವ್ಯಾಪಾರಕ್ಕೆ ಮಾಡಿದ ಅವಮಾನ.

2018ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಮೇಲೇ ತನಿಖೆ ಶುರು ಮಾಡಿತು ಅಂತ ಮೇಡಂ ಹೇಳಿದರು. ಧಾನ್ಯ ತೆಗೆದು ಬಟಾಣಿ, ಬೇಳೆ ತುಂಬಿದ ಆಹಾರ ತಿಂದ ಕೆಲವು ನಾಯಿಗಳಿಗೆ ಹೃದಯದ ಕಾಯಿಲೆ ಕಂಡಿತ್ತು. ಕಾರಣ ಇದೇ ಅಂತ ಸಾಬೀತಾಗಿಲ್ಲ. ಕಾಕಾರಿಗೆ ಸಾಬೀತು ಬೇಕಾಗಿಯೂ ಇರಲಿಲ್ಲ. "ನೋಡಿದಿರಾ!" ಅಂತ ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದರು.

ಆದರೆ ಧಾನ್ಯಕ್ಕೂ ಅದರದೇ ಶತ್ರು ಇದೆ, ಅದನ್ನು ಹೇಳಿದವರೂ ಕಾಕಾರೇ. "ಒದ್ದೆ ಗೋವಿನಜೋಳ ರಾಶಿ ಹಾಕಿದರೆ ಬೂಸ್ಟು ಹಿಡಿಯುತ್ತದೆ. ಆ ವಿಷ ಬೇಯಿಸಿದರೂ ಹೋಗುವುದಿಲ್ಲ." ಅದೇ ಅಫ್ಲಾಟಾಕ್ಸಿನ್, ಯಕೃತ್ತಿಗೆ ಬಡಿಯುತ್ತದೆ. 2020ರ ಕೊನೆಗೆ ಅಮೆರಿಕದಲ್ಲಿ ಇಂಥ ಆಹಾರ ತಿಂದು ಹತ್ತಾರು ನಾಯಿಗಳು ಸತ್ತವು. ಇಷ್ಟು ಹೇಳಿದ ಕಾಕಾ, ಕೆಜಿಗೆ ಇಷ್ಟು ಅಂತ ಲೂಸ್ ಮಾರುವ ಅಂಗಡಿಯಿಂದ ಹೋದ ತಿಂಗಳು ತಂದದ್ದನ್ನೂ ಒಪ್ಪಿಕೊಂಡರು. ಅದಕ್ಕೆ ತಾರೀಖೂ ಇಲ್ಲ, ಬ್ಯಾಚ್ ನಂಬರೂ ಇಲ್ಲ. ತೆರೆದಿಟ್ಟ ಚೀಲದ ಕೊಬ್ಬು ಕಮಟು ವಾಸನೆ ಬರುತ್ತದೆ. ಮೇಡಂ ಬೈದರು. ಸಣ್ಣ ಚೀಲ ತನ್ನಿ, ಚೀಲದ ಸಮೇತ ಡಬ್ಬಿಯಲ್ಲಿಡಿ, ಖಾಲಿ ಆಗುವವರೆಗೆ ಚೀಲ ಎಸೆಯಬೇಡಿ ಅಂದರು.

ಅಷ್ಟರಲ್ಲಿ ಮಾಮಾ ಗಿರ್ಮಿಟ್ ಉಳಿಸಿ ಭೀಮನ ಮುಂದಿಡಲು ಹೋದ. ಮೇಡಂ ಕಿರುಚಿದರು. ಉಳ್ಳಾಗಡ್ಡಿ ನಾಯಿಯ ರಕ್ತಕಣ ಒಡೆಯುತ್ತದೆ. ಬೆಳ್ಳುಳ್ಳಿಯೂ ಬೇಡ, ಒಣದ್ರಾಕ್ಷಿಯೂ ಬೇಡ. ಕಂಪನಿಯವರು ಏನು ಹಾಕಿದ್ದಾರೋ ಅಂತ ಒಂದು ತಾಸು ವಾದ ಮಾಡಿದವರು ನಾವು.

"ಕಂಪನಿಗೇ ಕೇಳಿಬಿಡೋಣ" ಅಂತ ಕಾಕಾ ಚೀಲದ ಮೇಲಿನ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಸರ್, ನಿಮ್ಮ ಪೆಟ್ ಹೆಸರು?"

"ಲಡ್ಡು. ಆದರೆ ನಾನು ಕೇಳುವುದು ಅದರ ಬಗ್ಗೆ ಅಲ್ಲಮ್ಮಾ, ಕೋಳಿಯ ಬಗ್ಗೆ."

"ಸಾರಿ ಸರ್, ಕೋಳಿಗೆ ನಮ್ಮಲ್ಲಿ ಪ್ರಾಡಕ್ಟ್ ಇಲ್ಲ."

ಕಾಕಾ ಬಿಡಲಿಲ್ಲ. ಯಾವ ಭಾಗ, ಎಷ್ಟು ಶೇಕಡಾ, ಗೋವಿನಜೋಳ ಎಲ್ಲಿಯದು, ಅಫ್ಲಾಟಾಕ್ಸಿನ್ ಪರೀಕ್ಷೆ ಮಾಡುತ್ತೀರೋ ಇಲ್ಲವೋ, ಎಲ್ಲ ಕೇಳಿದರು. ಪಾಪ ಆ ಹುಡುಗಿ ಎಲ್ಲವನ್ನೂ ಬರೆದುಕೊಂಡಳು. ದೂರಿನ ನಂಬರ್ ಕೊಟ್ಟು, 48 ಗಂಟೆಯಲ್ಲಿ ಉತ್ತರ ಬರುತ್ತದೆ ಅಂದಳು. ಕಾಕಾ ಅದನ್ನು ಚೀಲದ ಮೇಲೇ ಗುರುತು ಹಾಕಿಕೊಂಡರು.

"ಅಲ್ಲಿಯವರೆಗೆ ಲಡ್ಡುಗೆ ಏನು ಹಾಕುತ್ತೀರಿ ಕಾಕಾ?" ಅಂತ ಭಾಯಿ ಕೇಳಿದ.

"ಇದನ್ನೇ. ರೊಕ್ಕ ಕೊಟ್ಟಾಗಿದೆ ಅಲ್ವಾ."