ಬುತ್ತಿ ಕಟ್ಟುವ ಮೊದಲು ಎರಡು ಮುದ್ದೆ ತೆಗೆದಿಡಿ

ಬೆಂಗಳೂರಿನ ಕೆಲಸ ಬಿಟ್ಟು ಹೊಸದುರ್ಗ ಕಡೆಯ ತೋಟದ ಮನೆಗೆ ಸೊಸೆಯಾಗಿ ಹೋಗುತ್ತಿದ್ದೇನೆ, ಮನೆಯಲ್ಲಿ ಎಂಟು ಜನ, ಕೊಯ್ಲಿನಲ್ಲಿ ಆಳುಗಳಿಗೂ ಅಡಿಗೆ ಆಗಬೇಕಂತೆ, ನನಗೆ ಮುದ್ದೆ ಮಾಡೋಕೂ ಬರಲ್ಲ, ಹೇಗೆ ನಿಭಾಯಿಸಲಿ ಅಂತ ಕೇಳಿದ್ದೀರಿ. ನಾನೂ ಹೀಗೇ ಬಂದವಳು. ದಾವಣಗೆರೆ ಪೇಟೆಯಲ್ಲಿ ಬೆಳೆದವಳು, ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟಕ್ಕೆ ಬಂದು 14 ವರ್ಷ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮುದ್ದೆಗೆ ಹೆದರಬೇಡಿ. ಒಂದು ಕೆಜಿ ಹಿಟ್ಟಿಗೆ ಸುಮಾರು ಎರಡು ಲೀಟರ್ ನೀರು. ಹತ್ತು ಮುದ್ದೆ ಆಗುತ್ತೆ. ನೀರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಹಾಕಿ, ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕೋಲಿನಿಂದ ಮಧ್ಯೆ ಒಂದು ತೂತು ಮಾಡಿ, ಉರಿ ಸಣ್ಣ ಮಾಡಿ, ಐದು ನಿಮಿಷ ಮುಟ್ಟಬೇಡಿ. ನಾನು ಮೊದಮೊದಲು ಮಾಡುತ್ತಿದ್ದ ತಪ್ಪೇ ಅದು, ಹಾಕಿದ ಕೂಡಲೇ ತಿರುವಿಬಿಡುತ್ತಿದ್ದೆ. ಒಳಗೆಲ್ಲ ಗಂಟು, ಹಸಿ ಹಿಟ್ಟು. ಹಿಟ್ಟು ಬೇಯಲಿ, ಆಮೇಲೆ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಬಲ ಹಾಕಿ ತಿರುವಿ. ಒದ್ದೆ ಕೈಗೆ ಅಂಟದಿದ್ದರೆ ಆಯಿತು ಅಂತ ಅರ್ಥ. ಜೊತೆಗೆ ಹುರುಳಿ ಕಟ್ಟಿನ ಸಾರು ಕಲಿತುಬಿಡಿ. ಮಾರನೆಯ ದಿನ ಇನ್ನೂ ರುಚಿ. ಶೇಂಗಾ ಚಟ್ನಿಪುಡಿ ಡಬ್ಬಿ ಖಾಲಿಯಾಗದಂತೆ ನೋಡಿಕೊಂಡರೆ ಅರ್ಧ ಚಿಂತೆ ಕಡಿಮೆ.

ಇನ್ನೊಂದು ವಿಷಯ ಕರೆಂಟು. ತೋಟದ ಮನೆಯಲ್ಲಿ ತ್ರೀ ಫೇಸ್, ಅಂದರೆ ಪಂಪಿನ ಮೋಟರ್ ಓಡಿಸುವ ಕರೆಂಟು, ಬರುವ ಹೊತ್ತು ನೋಡಿಕೊಂಡೇ ಎಲ್ಲ ಕೆಲಸ. ಕೆಲವು ಸಲ ರಾತ್ರಿ ಎರಡಕ್ಕೆ ಗಂಡ ಎದ್ದು ಮೋಟರ್ ಹಾಕೋಕೆ ಹೋಗುತ್ತಾರೆ. ರುಬ್ಬುವುದನ್ನು ಕರೆಂಟ್ ಇದ್ದಾಗಲೇ ಮುಗಿಸಿ. ಹಿತ್ತಲಲ್ಲಿ ಒರಳುಕಲ್ಲು ಇದ್ದರೆ ಅದನ್ನೂ ತೊಳೆದಿಟ್ಟುಕೊಳ್ಳಿ.

ಆದರೆ ನಾನು ನಿಜವಾಗಿ ಹೇಳಬೇಕಾದದ್ದು ಅಡಿಗೆ ಬಗ್ಗೆ ಅಲ್ಲ. ನಿಮ್ಮ ಊಟದ ಬಗ್ಗೆ.

ನನ್ನ ಮೊದಲ ಅಡಿಕೆ ಕೊಯ್ಲು. ಗೊನೆ ಇಳಿಸುವವರು, ಸುಲಿಯುವವರು ಸೇರಿ ಹದಿನಾಲ್ಕು ಆಳು. ಎಲ್ಲರದ್ದೂ ಆಗಲಿ, ಆಮೇಲೆ ಉಣ್ಣೋಣ ಅಂತ ಇರುತ್ತಿದ್ದೆ. ನಾಲ್ಕು ಗಂಟೆ ಆಗುತ್ತಿತ್ತು. ಪಾತ್ರೆ ತಳದಲ್ಲಿ ಒಂದಿಷ್ಟು ಸಾರು ಉಳಿದಿರುತ್ತಿತ್ತು, ಅಷ್ಟೇ. ಉಣ್ಣಬೇಡ ಅಂತ ಯಾರೂ ಅಂದಿರಲಿಲ್ಲ. ಉಂಡೆಯಾ ಅಂತಲೂ ಯಾರೂ ಕೇಳಿರಲಿಲ್ಲ. ಒಂದು ದಿನ ಹಿತ್ತಲ ಬಾಗಿಲಲ್ಲಿ ಕಣ್ಣು ಕತ್ತಲೆ ಬಂದು ಕುಸಿದು ಕೂತೆ. ಅತ್ತೆ ನೀರು ಕೊಟ್ಟು, "ಏನು ಉಂಡೆ?" ಅಂದರು. ಸುಮ್ಮನಿದ್ದೆ. ನೋಡಿದರೆ ಅವರೂ ಅವತ್ತು ಉಂಡಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಅವರದ್ದೂ ಅದೇ ಕಥೆ.

ಮಾರನೆಯ ದಿನ ಬುತ್ತಿ ಕಟ್ಟುವ ಮೊದಲೇ ಅತ್ತೆ ಎರಡು ಮುದ್ದೆ ತೆಗೆದು ತಟ್ಟೆಯಲ್ಲಿಟ್ಟು, ಮೇಲೆ ಬೋಗುಣಿ ಮುಚ್ಚಿದರು. ಸಾರನ್ನೂ ಬೇರೆ ತೆಗೆದಿಟ್ಟರು. ಬುತ್ತಿ ತೋಟದ ಕಡೆ ಹೊರಟ ಕೂಡಲೇ, "ಬಾ ಕೂರು" ಅಂದರು. ಅಡಿಗೆಮನೆಯಲ್ಲೇ ಇಬ್ಬರೂ ಎದುರುಬದುರು ಕೂತು ಉಂಡೆವು. ಇವತ್ತಿಗೂ ಹಾಗೇ. ನಾವಿಬ್ಬರೂ ಹತ್ತಿರ ಆಗಿದ್ದು ಆ ಹತ್ತು ನಿಮಿಷದಲ್ಲೇ. ತವರಿನ ಮಾತು, ಸಾಲದ ಮಾತು, ಮಗನ ಮೇಲಿನ ಸಿಟ್ಟು, ಎಲ್ಲ ಅಲ್ಲೇ ಬರುತ್ತೆ.

ನಿಮ್ಮ ಅತ್ತೆಗೆ ತಾವಾಗಿ ಹೊಳೆಯದಿದ್ದರೆ ನೀವೇ ತೆಗೆದಿಡಿ, ಅವರದ್ದನ್ನೂ ಸೇರಿಸಿ. "ಅತ್ತೆ, ಬನ್ನಿ, ಆರಿಹೋಗುತ್ತೆ" ಅಂತ ಕರೆಯಿರಿ. ಮೊದಲು ಬೇಡ ಅನ್ನಬಹುದು. ಬಿಡಬೇಡಿ, ಮಾರನೆಯ ದಿನವೂ ಕರೆಯಿರಿ.

ಸೀಗೆ ಹುಣ್ಣಿಮೆಗೆ ಹೇಗೂ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯ ಅನ್ನವನ್ನು ಚರಗವಾಗಿ ಚೆಲ್ಲಿ, ಒಟ್ಟಿಗೆ ಕೂತು ಉಣ್ಣುತ್ತೇವಲ್ಲ. ಉಳಿದ ದಿನಗಳಲ್ಲಿ ನಿಮ್ಮ ತಟ್ಟೆಯನ್ನು ನೀವೇ ನೆನಪಿಟ್ಟುಕೊಳ್ಳಬೇಕು.

ನಾಳೆ ಎಷ್ಟು ಆಳು ಬರುತ್ತಾರೆ ಅಂತ ಹಿಂದಿನ ರಾತ್ರಿಯೇ ಗಂಡನನ್ನು ಕೇಳಿಕೊಳ್ಳಿ. ಆ ಲೆಕ್ಕಕ್ಕೆ ಎರಡು ಸೇರಿಸಿ ಹಿಟ್ಟು ಅಳೆಯಿರಿ.