ಈ ವಾರದ ಸಮಸ್ಯೆ: ಒಡೆದ ಭರಣಿ

ಪೃಚ್ಛಕ, ಮಡಿಕೇರಿ:
ಗೆಳೆಯರೇ, ಕಾಫಿಗೆ ಹೂಮಳೆ ಬಿದ್ದಾಯ್ತು. ಸ್ಪ್ರಿಂಕ್ಲರ್ ಪೈಪ್ ಎಳೆಯುವ ಕೆಲಸ ಮುಗಿದು ತೋಟದವರಿಗೂ ಸ್ವಲ್ಪ ಪುರುಸೊತ್ತು ಸಿಕ್ಕಿರಬೇಕು. ಕ್ರೈಸ್ತರಿಗೆ ಇದು ಈಸ್ಟರ್ ಹಿಂದಿನ ಪವಿತ್ರ ವಾರ. ಅದಕ್ಕೆ ತಕ್ಕ ಸಮಸ್ಯೆ ಇಲ್ಲಿದೆ. ಒಗಟಿನಂಥ ಕೊನೆಯ ಸಾಲು ನನ್ನದು, ಅದಕ್ಕೆ ಅರ್ಥ ಕೂಡಿಸುವ ಮೊದಲ ಐದು ಸಾಲು ನಿಮ್ಮದು:

ಒಡೆದ ಭರಣಿಯೆ ಮನೆಯನೆಲ್ಲವ ತುಂಬಿ ನಿಂತಿತಲಾ

ಛಂದಸ್ಸು ಭಾಮಿನಿ ಷಟ್ಪದಿ, ಮೂರು-ನಾಲ್ಕು ಮಾತ್ರೆಯ ಗಣಗಳ ಆರು ಸಾಲು; ಇದು ಕೊನೆಯ ಸಾಲು. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ‘ಡ’; ಅದರ ಹಿಂದಿನ ಅಕ್ಷರ ಲಘು (ಒಂದು ಮಾತ್ರೆಯದು). ಒಡೆದ ಭರಣಿಯಲ್ಲಿ ಒಂದು ತೊಟ್ಟೂ ನಿಲ್ಲುವುದಿಲ್ಲ, ಅಂಥದ್ದು ಮನೆ ತುಂಬುವುದು ಹೇಗೆ? ಬೈಬಲ್ಲಿನ ಒಬ್ಬ ಹೆಣ್ಣುಮಗಳು ನನ್ನ ಮನಸ್ಸಿನಲ್ಲಿದ್ದಾಳೆ. ಯಾರೆಂದು ಹೇಳುವುದಿಲ್ಲ. ಬೇರೆ ದಾರಿ ಹಿಡಿಯುವವರು ಹಿಡಿಯಿರಿ, ಬೇಡ ಅನ್ನುವುದಿಲ್ಲ.

ಸುಂಟಿಕೊಪ್ಪದ ತುಂಟ:
ಬೇರೆ ದಾರಿ ಅಂದ್ರಲ್ಲ, ತಗೊಳ್ಳಿ.

ಅಡುಗೆಮನೆಯೊಳು ಬೆಕ್ಕು ನೆಗೆಯಲು
ದುಡುಮನುರುಳಿತು ಕಪ್ಪು ಹುಳಿಯದು
ಕೊಡಗ ಹಂದಿಯ ಸಾರಿಗಿಟ್ಟುದು ಚೆಲ್ಲಿ ಹೋಯಿತಲೆ
ನಡುಮನೆಗೆ ಘಮ ಹರಿದು ಬಂದಿತು
ಬಿಡದೆ ಮೂಗಿಗೆ ಹೊಡೆವ ಗಾಟಲಿ
ಒಡೆದ ಭರಣಿಯೆ ಮನೆಯನೆಲ್ಲವ ತುಂಬಿ ನಿಂತಿತಲಾ

ಕಪ್ಪು ಹುಳಿ ಅಂದ್ರೆ ನಮ್ಮ ಕೊಡಗಿನ ಕಾಚಂಪುಳಿ. ಆ ಹೆಸರನ್ನೇ ಹಾಕೋಣ ಅಂದ್ಕೊಂಡೆ. ಮೂರು-ನಾಲ್ಕರ ಗಣಕ್ಕೆ ಅದನ್ನು ಬಗ್ಗಿಸೋಕೆ ನನಗೆ ಆಗಲೇ ಇಲ್ಲ!

ಪೃಚ್ಛಕ:
ತುಂಟಪ್ಪಾ, ಘಮ ಅಂತ ಶುರು ಮಾಡಿ ಮುಂದಿನ ಸಾಲಲ್ಲೇ ಗಾಟು ಅಂದೆಯಲ್ಲ, ಕಾಚಂಪುಳಿ ಕಾಯಿಸಿದ ಮನೆಯವರಿಗೆ ಎರಡೂ ಗೊತ್ತು. ಗಣ ಸರಿ ಇದೆ. ಕೀಲಕವನ್ನು (ಸಮಸ್ಯೆಯ ಗಂಟನ್ನು) ವಾಸನೆಯಿಂದ ಬಿಡಿಸಿದ್ದೂ ಸರಿ. ‘ಹೋಯಿತಲೆ’ ಮಾತ್ರ ಸಾಲು ತುಂಬಿಸೋಕೆ ಬಂದ ಹಾಗಿದೆ.

ಪಾಲಿಬೆಟ್ಟದ ರೈಟ್ರು:
ಗಿದ್ಯೋನನ ಕಥೆ ಅಲ್ವಾ? ನ್ಯಾಯಸ್ಥಾಪಕರು, 7ನೇ ಅಧ್ಯಾಯ. 300 ಸೈನಿಕರು, ಬರಿ ಕೊಡಗಳೊಳಗೆ ಪಂಜು. ಕೊಡ ಒಡೆದಾಗ ಬೆಳಕು ತುಂಬಿತು.

ಪೃಚ್ಛಕ:
ಚೆನ್ನಾಗಿದೆ ರೈಟ್ರೇ, ಆದರೆ ಅಲ್ಲಿ ತುಂಬಿದ್ದು ಶತ್ರುಗಳಾದ ಮಿದ್ಯಾನರ ಪಾಳೆಯ. ಮನೆ ಎಲ್ಲಿ? ಹೆಣ್ಣೆಲ್ಲಿ? 300 ಅನ್ನುವ ಸಂಖ್ಯೆ ಮಾತ್ರ ಬಿಡಬೇಡಿ, ಬೇಕಾಗುತ್ತೆ.

ವಿರಾಜಪೇಟೆ ಮೇಷ್ಟ್ರು:
ಸುಳಿವು ಸಾಕು. ಪವಿತ್ರ ವಾರದ ಸೋಮವಾರ ನಮ್ಮ ಸಂತ ಅನ್ನಮ್ಮನ ಗುಡಿಯಲ್ಲಿ ಓದುವುದೇ ಯೋಹಾನನ ಸುವಾರ್ತೆಯ 12ನೇ ಅಧ್ಯಾಯ. ದೊಡ್ಡವೀರರಾಜೇಂದ್ರನ ಕಾಲದಲ್ಲಿ, 1792ರಲ್ಲಿ, ಶ್ರೀರಂಗಪಟ್ಟಣದ ಕಡೆಯಿಂದ ಬಂದ ಕ್ರೈಸ್ತರಿಗಾಗಿ ಶುರುವಾದ ಗುಡಿ ಅದು. ಬೇಥಾನ್ಯದ ಮರಿಯಳು ಯೇಸುವಿನ ಪಾದಕ್ಕೆ ಸುಗಂಧತೈಲ ಸುರಿದ ಈ ಪಾಠವನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ನನ್ನ ಪೂರಣ:

ಅಡಿಗೆ ತೈಲವನೆರೆದು ಮರಿಯಳು
ಮುಡಿಯ ಬಿಚ್ಚುತ ಕುರುಳೊಳೊರಸಲು
ಬಡವರನ್ನವ ಚೆಲ್ಲಿಬಿಟ್ಟಳಿದೆಂಬ ಜನಗಳಿಗೆ
ಬಿಡಿರಿ ಸುಮ್ಮನಿರೆಂದನೊಡೆಯನು
ಹಿಡಿತವಿಲ್ಲದೆ ಕೊಟ್ಟ ಮನಸಿನ
ಒಡೆದ ಭರಣಿಯೆ ಮನೆಯನೆಲ್ಲವ ತುಂಬಿ ನಿಂತಿತಲಾ

ಪೃಚ್ಛಕ:
ಆಹಾ ಮೇಷ್ಟ್ರೇ! ‘ಅಡಿ’ ಆದ ಮೇಲೆ ‘ಮುಡಿ’. ಪ್ರಾಸವೇ ಕಥೆ ಹೇಳುತ್ತಿದೆ. ಊಟಕ್ಕೆ ಕೂತ ನಾಲ್ಕು ಜನರ ಮುಂದೆ ಹೆಂಗಸು ಮುಡಿ ಬಿಚ್ಚುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಮರಿಯಳು ತೈಲ ಮಾತ್ರ ಸುರಿಯಲಿಲ್ಲ, ಮರ್ಯಾದೆಯನ್ನೂ ಪಣಕ್ಕಿಟ್ಟಳು. ಇನ್ನೊಂದು, ಆರು ಸಾಲಲ್ಲಿ ಎಲ್ಲೂ ಪರಿಮಳ ಅನ್ನುವ ಮಾತೇ ಇಲ್ಲ. ತುಂಬಿದ್ದು ಏನು ಅಂತ ಓದುವವರೇ ಕಂಡುಕೊಳ್ಳಬೇಕು. ನನಗೆ ಅದು ಇಷ್ಟವಾಯಿತು.

ಕುಶಾಲನಗರದ ಛಂದಸ್ಸು:
‘ಮನಸಿನ’ ಆದ ಮೇಲೆ ‘ಒಡೆದ’. ಎರಡು ಸ್ವರ ಎದುರಾದರೂ ಸಂಧಿ ಮಾಡಿಲ್ಲ, ವಿಸಂಧಿ ದೋಷ ಅಲ್ವಾ ಮೇಷ್ಟ್ರೇ?

ವಿರಾಜಪೇಟೆ ಮೇಷ್ಟ್ರು:
ಸಾಲಿನ ಕೊನೆ ಮಾರಾಯ್ರೇ, ಅಲ್ಲಿ ಉಸಿರು ನಿಲ್ಲುತ್ತೆ. ಬಿಡಿ.

ಕುಶಾಲನಗರದ ಛಂದಸ್ಸು:
ಅದನ್ನು ಬಿಟ್ಟೆ. ಇನ್ನೊಂದು ಬಿಡುವುದಿಲ್ಲ. ಭರಣಿ ಒಡೆದದ್ದು ಮಾರ್ಕ 14ರಲ್ಲಿ. ಅಲ್ಲಿ ಮನೆ ಕುಷ್ಠರೋಗಿ ಸೀಮೋನನದು, ಹೆಣ್ಣಿಗೆ ಹೆಸರಿಲ್ಲ, ತೈಲ ಬಿದ್ದದ್ದು ತಲೆಗೆ. ಯೋಹಾನನಲ್ಲಿ ಹೆಸರು ಮರಿಯಳು, ತೈಲ ಪಾದಕ್ಕೆ, ಪರಿಮಳ ಮನೆ ತುಂಬಿದ್ದೂ ಅಲ್ಲೇ. ಆದರೆ ಭರಣಿ ಒಡೆದ ಮಾತಿಲ್ಲ. ಸಮಸ್ಯೆಯಲ್ಲೇ ಎರಡು ಸುವಾರ್ತೆ ಕಲಸಿದ್ದೀರಿ.

ಪೃಚ್ಛಕ:
ಬೇಕಂತಲೇ ಕಲಸಿದ್ದು. ಎರಡೂ ಬೇಥಾನ್ಯದಲ್ಲೇ ನಡೆದದ್ದು. ಎರಡರಲ್ಲೂ ಜಟಾಮಾಂಸಿ ತೈಲ, ಎರಡರಲ್ಲೂ 300 ದಿನಾರಿಯ (ರೋಮನ್ ಬೆಳ್ಳಿ ನಾಣ್ಯ) ಮಾತು, ಎರಡರಲ್ಲೂ ಅದನ್ನು ಮಾರಿ ಬಡವರಿಗೆ ಕೊಡಬಹುದಿತ್ತು ಅನ್ನುವ ಗೊಣಗಾಟ. ಲೂಕ 7ರಲ್ಲಿ ಅಳುತ್ತಾ ಬರುವ ಪಾಪಿ ಹೆಂಗಸು ಮಾತ್ರ ಬೇರೆ. ಪೋಪ್ ಒಂದನೇ ಗ್ರೆಗೊರಿ 591ರ ಒಂದು ಪ್ರಸಂಗದಲ್ಲಿ ಆಕೆಯನ್ನೂ ಬೇಥಾನ್ಯದ ಮರಿಯಳನ್ನೂ ಮಗ್ದಲದ ಮರಿಯಳನ್ನೂ ಒಂದೇ ಮಾಡಿಬಿಟ್ಟರು. ಆ ಗೋಜಲು ನಮಗೆ ಬೇಡ.

ಪಾಲಿಬೆಟ್ಟದ ರೈಟ್ರು:
300 ಬೇಕಾಗುತ್ತೆ ಅಂದದ್ದು ಈಗ ಗೊತ್ತಾಯ್ತು. ಪದ್ಯ ಬರೆಯೋಕೆ ನನಗೆ ಬರಲ್ಲ, ಲೆಕ್ಕ ಬರುತ್ತೆ. ಮತ್ತಾಯ 20ರ ದ್ರಾಕ್ಷಿತೋಟದಲ್ಲಿ ಕೂಲಿ ದಿನಕ್ಕೆ ಒಂದು ದಿನಾರಿ. ಸಬ್ಬತ್ತಿನ ವಾರದ ರಜೆ, ಹಬ್ಬ ಕಳೆದರೆ 300 ದಿನಾರಿ ಅಂದ್ರೆ ಒಬ್ಬ ಆಳಿನ ಇಡೀ ವರ್ಷದ ದುಡಿಮೆ. ನಾನು ತೋಟದಲ್ಲಿ ದಿನಾ ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುವವನು. ಆಳುಗಳ ಲೈನ್ ಮನೆಯಲ್ಲಿ ವರ್ಷದ ಕೂಲಿ ಒಂದೇ ಸಲ ನೆಲಕ್ಕೆ ಹೋಯ್ತು ಅಂದ್ರೆ ನನಗೂ ಹೊಟ್ಟೆ ಉರಿಯುತ್ತೆ. ಗೊಣಗಿದವರದ್ದು ತಪ್ಪೇನು?

ಪೃಚ್ಛಕ:
ಒಳ್ಳೆ ಪ್ರಶ್ನೆ ರೈಟ್ರೇ. ಇದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಯೋಹಾನ, ಯೇಸುವನ್ನು ಹಿಡಿದುಕೊಟ್ಟ ಯೂದನೊಬ್ಬನ ಬಾಯಲ್ಲಿ ಈ ಮಾತು ಹಾಕಿ, ಅವನು ಹಣದ ಚೀಲದಿಂದ ಕದಿಯುತ್ತಿದ್ದ ಅಂತ ಮುಗಿಸುತ್ತಾನೆ. ಆದರೆ ಮತ್ತಾಯನ ಪ್ರಕಾರ ಗೊಣಗಿದವರು ಶಿಷ್ಯರೇ. ಕಳ್ಳರಲ್ಲ, ನಿಮ್ಮ ಹಾಗೆ ಲೆಕ್ಕ ಗೊತ್ತಿದ್ದವರು. ಯೇಸು ಕೊಟ್ಟ ಉತ್ತರ, ಬಡವರು ಯಾವಾಗಲೂ ನಿಮ್ಮ ಹತ್ತಿರ ಇರುತ್ತಾರೆ ಅಂತ. ಅದನ್ನು ಹಿಡಿದು ಬಡವರ ವಿಷಯ ಬಿಟ್ಟುಬಿಡಿ ಅನ್ನುವವರೂ ಇದ್ದಾರೆ. ಆ ಮಾತಿನ ಬೇರು ಧರ್ಮೋಪದೇಶಕಾಂಡ 15:11ರಲ್ಲಿದೆ. ದೇಶದಲ್ಲಿ ಬಡವರು ಇದ್ದೇ ಇರುತ್ತಾರೆ, ಆದ್ದರಿಂದ ಅವರಿಗೆ ಕೈಬಿಚ್ಚಿ ಕೊಡಬೇಕು ಅಂತ ಅಲ್ಲಿದೆ. ಯೆಹೂದ್ಯರಿಗೆ ಮೊದಲರ್ಧ ಹೇಳಿದರೆ ಉಳಿದರ್ಧ ತಾನಾಗಿ ನೆನಪಾಗುತ್ತೆ. ಬಡವರಿಗೆ ಕೊಡುವುದು ದಿನದಿನದ ಕೆಲಸ, ಅದರಿಂದ ಯಾರಿಗೂ ರಜೆ ಇಲ್ಲ. ಮರಿಯಳು ಮಾಡಿದ್ದು ಆ ಒಂದು ಸಂಜೆಗೆ ಮಾತ್ರ ಆಗುವಂಥದ್ದು. ಪಸ್ಕ ಹಬ್ಬಕ್ಕೆ ಆರೇ ದಿನ ಉಳಿದಿತ್ತು, ಯೇಸುವಿನ ಸಾವು ಹತ್ತಿರವಿತ್ತು. ಆಮೇಲೆ ಉಳಿದ ಹೆಂಗಸರು ಸುಗಂಧ ಹಿಡಿದುಕೊಂಡು ಅವನ ಗೋರಿಗೆ ಹೋದಾಗ ಅಲ್ಲಿ ಹಚ್ಚೋಕೆ ದೇಹವೇ ಇರಲಿಲ್ಲ.

ಸೋಮವಾರಪೇಟೆ ಅಕ್ಕ:
ಜಟಾಮಾಂಸಿ ಅಂದ್ರೆ ನಮ್ಮ ಗಂದಿಗೆ ಅಂಗಡಿಯಲ್ಲಿ ಸಿಗುವ ಬೇರೇ ಅಲ್ವಾ? ನಾವು ತಲೆಗೆ ಹಚ್ಚುವ ಎಣ್ಣೆ ಕಾಯಿಸುವಾಗ ಹಾಕುತ್ತೇವೆ. ಕಂದು ಬಣ್ಣ, ಮೈತುಂಬ ಒರಟು ನಾರು. ಮೂಗಿಗೆ ಹಿಡಿದರೆ ಹೂವಿನ ವಾಸನೆ ಬರಲ್ಲ, ಹಸಿ ಮಣ್ಣಿನ ವಾಸನೆ. ಬೆರಳಿಗೆ ಅಂಟಿದರೆ ಸೋಪು ಹಾಕಿ ತೊಳೆದರೂ ಸಂಜೆವರೆಗೆ ಹೋಗಲ್ಲ.

ಪೃಚ್ಛಕ:
ಅದೇ ಅಕ್ಕಾ. ಹಿಮಾಲಯದ ಎತ್ತರದ ಇಳಿಜಾರಿನಲ್ಲಿ ಬೆಳೆಯುವ ಗಿಡ. ಅಲ್ಲಿಂದ ಯೂದಾಯದವರೆಗೆ ಹೋಗಬೇಕಾದರೆ ಎಷ್ಟು ವ್ಯಾಪಾರಿಗಳ ಕೈ ದಾಟಿರಬೇಕು, ಬೆಲೆ ಏರದೆ ಇರುತ್ತಾ? ಸಂಜೆವರೆಗೆ ಹೋಗಲ್ಲ ಅಂದ್ರಲ್ಲ, ಒರಸಿದ್ದು ಕೂದಲಿಂದ. ಹಾಗಾಗಿ ಆ ಪರಿಮಳ ಆಕೆಯ ಮೈಗೂ ಅಂಟಿತು. ಇದು ಯಾರ ಪದ್ಯದಲ್ಲೂ ಬಂದಿಲ್ಲ, ಯಾರಾದರೂ ಹಿಡಿಯಿರಿ.

ಸಿದ್ದಾಪುರದ ಸಿಸ್ಟರ್:
ನೈಟ್ ಡ್ಯೂಟಿ ಮುಗಿಸಿ ಈಗ ಬಂದೆ. ಎಲ್ಲರೂ ಮರಿಯಳ ಕೈ ನೋಡುತ್ತಿದ್ದೀರಿ. ಆ ಪಂಕ್ತಿಯಲ್ಲಿ ಬೇರೆ ಯಾರು ಕೂತಿದ್ದರು ಅಂತ ನೋಡಿದ್ರಾ?

ಬಡಿಸುತಿದ್ದಳು ಮಾರ್ತ ಪಂಕ್ತಿಗೆ
ಒಡನೆ ಲಾಜರನುಣುತಲಿದ್ದನು
ಮಡಿದು ನಾಲ್ಕನೆ ದಿನಕೆ ಗೋರಿಯಿನೆದ್ದು ಬಂದವನು
ಕೊಡಲು ಬೇರೇನುಂಟು ತಂಗಿಗೆ
ಕಡೆಯ ಹನಿವರೆಗೆರೆದಳೊಲವನು
ಒಡೆದ ಭರಣಿಯೆ ಮನೆಯನೆಲ್ಲವ ತುಂಬಿ ನಿಂತಿತಲಾ

ವಿರಾಜಪೇಟೆ ಮೇಷ್ಟ್ರು:
ಸಿಸ್ಟರ್, ನನ್ನದನ್ನು ವಾಪಸ್ ತಗೊಳ್ತೇನೆ.

ಪೃಚ್ಛಕ:
ತಗೋಬೇಡಿ ಮೇಷ್ಟ್ರೇ, ಎರಡೂ ಇರಲಿ. ಆದರೆ ಈ ವಾರ ನನ್ನ ಆಯ್ಕೆ ಸಿಸ್ಟರ್‌ದೇ. ಯಾಕೆ ಅಂತ ಹೇಳುತ್ತೇನೆ. ಯೋಹಾನನ ಹಿಂದಿನ ಅಧ್ಯಾಯದಲ್ಲಿ ಯೇಸು ಸತ್ತ ಲಾಜರನ ಗೋರಿಯ ಕಲ್ಲು ಸರಿಸಿ ಅಂದಾಗ ಮರಿಯಳ ಅಕ್ಕ ಮಾರ್ತಳು ಅಡ್ಡ ಬರುತ್ತಾಳೆ. ನಾಲ್ಕು ದಿನ ಆಯಿತು, ನಾತ ಬರುತ್ತೆ ಅಂತಾಳೆ. ಸತ್ತವರ ಮನೆಯವರಿಗೆ ಮಾತ್ರ ಬರುವ ಭಯ ಅದು. ಅದೇ ಮಾರ್ತ ಈಗ ಬಡಿಸುತ್ತಿದ್ದಾಳೆ, ಅದೇ ಅಣ್ಣ ಲಾಜರ ಉಣ್ಣುತ್ತಿದ್ದಾನೆ, ಮನೆಯಲ್ಲಿ ಪರಿಮಳ. ಸಿಸ್ಟರ್ ನಾತದ ಮಾತು ಎತ್ತಲೇ ಇಲ್ಲ, ‘ನಾಲ್ಕನೆ ದಿನ’ ಅಂದು ಬಿಟ್ಟರು. ಅಷ್ಟೇ ಸಾಕಾಯಿತು. ಮೇಷ್ಟ್ರ ಪದ್ಯದಲ್ಲಿ ಮರಿಯಳ ಭಕ್ತಿ ಗೊಣಗುವವರ ಎದುರು ನಿಲ್ಲುತ್ತೆ. ಸಿಸ್ಟರ್ ಪದ್ಯದಲ್ಲಿ ಅದಕ್ಕೆ ಕಾರಣ ಸಿಗುತ್ತೆ. ಅಣ್ಣ ತಿರುಗಿ ಸಿಕ್ಕವಳು ಎಷ್ಟು ಹನಿ ಉಳಿಸಿಕೊಳ್ಳಲಿ ಅಂತ ಅಳೆಯುತ್ತಾಳಾ? ಮುಚ್ಚಳ ತೆಗೆದು ಸುರಿದಿದ್ದರೆ ಮತ್ತೆ ಮುಚ್ಚಿಡಬಹುದಿತ್ತು. ಒಡೆದ ಮೇಲೆ ಆ ಆಸೆಯೂ ಇಲ್ಲ.

ಸುಂಟಿಕೊಪ್ಪದ ತುಂಟ:
ಮಾರ್ತಳಿಗೆ ಅನ್ಯಾಯ ಆಗ್ತಿದೆ. ಎಲ್ಲರಿಗೂ ಅನ್ನ ಹಾಕಿದ್ದು ಅವಳು.

ಸಿದ್ದಾಪುರದ ಸಿಸ್ಟರ್:
ಅದಕ್ಕೇ ತುಂಟಣ್ಣಾ, ಮೊದಲ ಸಾಲು ಅವಳಿಗೆ ಕೊಟ್ಟಿದ್ದು. ಲೂಕ 10ರಲ್ಲಿ ಅವಳು ತಂಗಿ ಮೇಲೆ ದೂರು ಹೇಳಿದ್ದಳು, ನನ್ನೊಬ್ಬಳ ಮೇಲೆ ಕೆಲಸ ಬಿಟ್ಟಿದ್ದಾಳೆ ಅಂತ. ಈ ಊಟದಲ್ಲಿ ಬೇರೆಯವರು ಗೊಣಗಿದರು, ಮಾರ್ತ ಗೊಣಗಿದಳು ಅಂತ ಯಾರೂ ಬರೆದಿಲ್ಲ.

ಪಾಲಿಬೆಟ್ಟದ ರೈಟ್ರು:
ಇದಕ್ಕೆ ನನ್ನ ಹತ್ರ ಲೆಕ್ಕ ಇಲ್ಲ ಸಿಸ್ಟರ್.

ಪೃಚ್ಛಕ:
ಹಾಗಾದರೆ ಮುಂದಿನ ಸಮಸ್ಯೆ ರೈಟ್ರಿಗೋಸ್ಕರವೇ. ಮಾರ್ಕ 12, ಕಾಣಿಕೆ ಪೆಟ್ಟಿಗೆಗೆ ಎರಡೇ ಕಾಸು ಹಾಕಿದ ಬಡ ವಿಧವೆ. ಭಾಮಿನಿಯೇ, ಪ್ರಾಸ ‘ರ’:

ಎರಡು ಕಾಸಿಗೆ ನೂರು ವರಹವು ಸೋತು ಹೋಯಿತಲಾ

ವರಹ ಯೆರೂಸಲೇಮಿನಲ್ಲಿ ಇರಲಿಲ್ಲ ಅಂತ ಛಂದಸ್ಸಿನವರು ಬರುವ ಮೊದಲೇ ಹೇಳಿಬಿಡುತ್ತೇನೆ, ಗೊತ್ತು.

ಕುಶಾಲನಗರದ ಛಂದಸ್ಸು:
ನಾನು ಏನೂ ಅನ್ನಲಿಲ್ಲ.

ಪಾಲಿಬೆಟ್ಟದ ರೈಟ್ರು:
‘ಮರೆಯಲುಳಿದಳು ಬಡವಿ ವಿಧವೆಯು’. ಗಣ ಕೂಡುತ್ತಾ ನೋಡಿ ಮೇಷ್ಟ್ರೇ. ಕೂಡಿದ್ರೆ ಉಳಿದ ನಾಲ್ಕು ಸಾಲು ಸಂಬಳ ಬಟವಾಡೆ ಮುಗಿದ ಮೇಲೆ.