ಕೆಯುಡಿ ಪದವೀಧರ ಮಿಷಿಗನ್ ಶಾಸಕರಾಗಿದ್ದು ಹೆಂಗ?

ಸಪ್ತಾಪುರ_ಓದುಗ:
ಚಿಕ್ಕೋಡಿಯಲ್ಲಿ ಹುಟ್ಟಿ, ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ (ಕೆಯುಡಿ) ಪದವಿ ಪಡೆದ ಶ್ರೀ ಥಾಣೇದಾರ್ 2020ರಲ್ಲಿ ಮಿಷಿಗನ್ ರಾಜ್ಯದ ಕೆಳಮನೆಗೆ ಆರಿಸಿ ಬಂದರು. ಹೊರಗಿಂದ ಹೋದವರಿಗೆ ಗ್ರೀನ್ ಕಾರ್ಡ್ ಇದ್ದರ ಸಾಕೇನ್ರಿ? ಟಿಕೆಟ್ ಯಾರು ಕೊಡ್ತಾರ?

ಉಣಕಲ್_ದಂಡಿ:
ಗ್ರೀನ್ ಕಾರ್ಡ್ ಸಾಲೂದಿಲ್ರಿ, ಪೌರತ್ವನ ಬೇಕು. ಅವರು ಅಮೆರಿಕಕ್ಕೆ ಹೋಗಿದ್ದು 1979ರಾಗ, ಅಲ್ಲಿನ ಅಕ್ರನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿ 1982ರಾಗ, ಪೌರತ್ವ 1988ರಾಗ. ಕೆಳಮನೆಗೆ ನಿಲ್ಲಲು 21 ವರ್ಷ ತುಂಬಿರಬೇಕು, ಅದೇ ಕ್ಷೇತ್ರದ ಮತದಾರ ಆಗಿರಬೇಕು. ಹುಬ್ಬಳ್ಳಿ ಮತದಾರ ಗದಗಿನ್ಯಾಗ ನಿಂತಂಗ ಅಲ್ಲಿ ನಡೆಯೂದಿಲ್ಲ. ಹುಟ್ಟಿನಿಂದ ಪ್ರಜೆ ಆಗಿರಬೇಕು ಅನ್ನೂ ಷರತ್ತು ರಾಷ್ಟ್ರಾಧ್ಯಕ್ಷ, ಉಪಾಧ್ಯಕ್ಷ ಹುದ್ದೆಗಷ್ಟೇ. ಇನ್ನೊಂದು: ಆ ಪೌರತ್ವ ತಗೊಂಡ ಕೂಡಲೇ ಭಾರತದ್ದು ಹೋಗ್ತದ. ಒಸಿಐ (ವಿದೇಶಿ ಪೌರತ್ವದ ಭಾರತ ಮೂಲದವರಿಗೆ ಕೊಡೂ) ಕಾರ್ಡ್ ಇದ್ದರೂ ಇಲ್ಲಿ ಓಟು ಇಲ್ಲ.

ಲಕ್ಕುಂಡಿ_ಗದಗ:
ಟಿಕೆಟ್‌ಗೆ ಹೈಕಮಾಂಡ್ ಬಾಗಿಲು ಕಾಯೂದು ಅಲ್ಲಿಲ್ಲ. ಆಗಸ್ಟ್ ತಿಂಗಳ ಪ್ರೈಮರಿಯೊಳಗ (ಪಕ್ಷದ ಅಭ್ಯರ್ಥಿ ಆರಿಸೂ ಚುನಾವಣೆ) ಮತದಾರರೇ ಅಭ್ಯರ್ಥಿಯನ್ನ ಆರಿಸ್ತಾರ. ಮತಪತ್ರದಾಗ ಹೆಸರು ಬರಬೇಕಂದರ, ಕೆಳಮನೆಗಾದರ ಕ್ಷೇತ್ರದ ಮತದಾರರ 200 ಸಹಿ, ಇಲ್ಲಾ 100 ಡಾಲರ್ ಶುಲ್ಕ. ಶುಲ್ಕ ಕಟ್ಟೂದು ಸುರಕ್ಷಿತ, ಯಾಕಂದರ ಸಹಿಯಲ್ಲೇ ಜನ ಮುಗ್ಗರಿಸ್ತಾರ. ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸ್ಥಾನಕ್ಕ 1,000 ಸಹಿ ಕಡ್ಡಾಯ, ಶುಲ್ಕದ ದಾರಿನೇ ಇಲ್ಲ. 2024ರಾಗ ಅಂಥಾ ಸ್ಥಾನಕ್ಕ ಥಾಣೇದಾರ್ ಎದುರು ನಿಂತ ಆಡಮ್ ಹಾಲಿಯರ್ 1,553 ಸಹಿ ಕೊಟ್ಟಿದ್ದರು. ಥಾಣೇದಾರ್ ತಕರಾರು ಹಾಕಿದರು. ಮತ್ತೊಮ್ಮೆ ಪರಿಶೀಲಿಸಿದಾಗ ಉಳಿದಿದ್ದು ಬರೇ 863, ಹೆಸರು ಮತಪತ್ರದಿಂದ ಹೊರಗ ಬಿತ್ತು. ಕೂಲಿಗೆ ಸಹಿ ತರೂ ಮಂದಿ ಮ್ಯಾಲ ಭರೋಸ ಇಟ್ಟು ಕೂಡಬಾರದು. ಸಹಿ ಬಂದಂಗ ಬಂದಂಗ ಮತದಾರರ ಪಟ್ಟಿಗೆ ತಾಳೆ ಹಾಕಬೇಕು, ಒಂದೇ ಕೈಬರಹದ ಹಾಳೆ ಕಂಡರ ಆವಾಗಲೇ ತೆಗೆದಿಡಬೇಕು.

ಹಾವೇರಿ_ಏಲಕ್ಕಿ:
ರೊಕ್ಕ ಇದ್ದರ ಆತು ಅಂತ ತಿಳಕೋಬ್ಯಾಡ್ರಿ. 2018ರಾಗ ಗವರ್ನರ್ (ನಮ್ಮ ಮುಖ್ಯಮಂತ್ರಿ ಇದ್ದಂಗ) ಹುದ್ದೆಗೆ ಸ್ವಂತ ಲಕ್ಷಾಂತರ ಡಾಲರ್ ಸುರಿದರೂ ಡೆಮಾಕ್ರಟಿಕ್ ಪ್ರೈಮರಿಯೊಳಗ ಥಾಣೇದಾರ್‌ಗೆ ಸಿಕ್ಕಿದ್ದು 3ನೇ ಸ್ಥಾನ. ಗೆದ್ದವರು ಗ್ರೆಚನ್ ವಿಟ್ಮರ್. ಆಮೇಲೆ ಥಾಣೇದಾರ್ ಡೆಟ್ರಾಯಿಟ್‌ಗೆ ಮನೆ ಬದಲಿಸಿ, ರಾಜ್ಯದ ಕೆಳಮನೆಯ ಸಣ್ಣ ಕ್ಷೇತ್ರ ಹಿಡಿದರು. ಅದೇ ಸರಿಯಾದ ಹೆಜ್ಜೆ ಆತು. 110 ಸ್ಥಾನದ ಆ ಸದನದ ಅವಧಿ ಎರಡೇ ವರ್ಷ, ಕೂತ ಮರುವರ್ಷನ ಮತ್ತ ಚುನಾವಣೆ ತಯಾರಿ. 2022ರಾಗ ಅವರು ಕಾಂಗ್ರೆಸ್ಸಿನ 13ನೇ ಕ್ಷೇತ್ರಕ್ಕ ನಿಂತರು. ಪ್ರೈಮರಿಯೊಳಗ ಒಂಬತ್ತು ಮಂದಿ, ಮತ ಹರಿದು ಹಂಚಿ ಹೋದವು, ಸುಮಾರು 28 ಪ್ರತಿಶತಕ್ಕೇ ಗೆದ್ದರು. ಡೆಟ್ರಾಯಿಟ್ ಕಡೆ ಡೆಮಾಕ್ರಟಿಕ್ ಪ್ರೈಮರಿ ಗೆದ್ದರ ನವೆಂಬರ್ ತಿಂಗಳ ಅಂತಿಮ ಚುನಾವಣೆ ಕೆಲಸ ಅರ್ಧ ಮುಗಿದಂಗ.

ಸಪ್ತಾಪುರ_ಓದುಗ:
ಹಂಗಾದರ ರಾಜ್ಯದ ಶಾಸಕರಾಗಿ ಎಷ್ಟು ಸಲ ಬೇಕಾದರೂ ನಿಲ್ಲಬಹುದಾ?

ಲಕ್ಕುಂಡಿ_ಗದಗ:
ಇಲ್ರಿ. ಮಿಷಿಗನ್ ಸಂವಿಧಾನದ 2022ರ ತಿದ್ದುಪಡಿ ಪ್ರಕಾರ ಎರಡೂ ಸದನ ಸೇರಿ ಒಟ್ಟು 12 ವರ್ಷ, ಅಷ್ಟೇ.